ತಕರಾರು

ದಾವಣಗೆರೆಯ ಹಲ್ಲಿನ ಡಾಕ್ಟರಿಂದ ಕೊಂಡ ಕಾರು.
ಕರಾರು ನಾನೇ ಬರೆದದ್ದು,
ಸಬ್ ರಿಜಿಸ್ಟ್ರಾರ್ ಕಚೇರಿಯೆದುರು
ಇಪ್ಪತ್ತೆರಡು ವರ್ಷ ಕಂಡವರ ಪತ್ರ ಬರೆದ ಕೈ:
‘ಸದರಿ ವಾಹನದ ಮೇಲೆ
ಯಾವುದೇ ತಂಟೆ ತಕರಾರು ಇರುವುದಿಲ್ಲ.’
ಡಾಕ್ಟರು ನಗುತ್ತ ಸಹಿ ಹಾಕಿದರು. ಬಹಳ ಒಳ್ಳೆಯ ಹಲ್ಲು.

ಮೂರನೇ ದಿನ, ಗಾಜನೂರು ದಾಟುವಾಗ
ಸ್ಟೇರಿಂಗಿನ ಹಿಂದೆ ತ್ರಿಕೋನವೊಂದು ಹತ್ತಿತು,
ಕಿತ್ತಳೆ ಬಣ್ಣ, ಹೊಟ್ಟೆಯೊಳಗೊಂದು ಉದ್ಗಾರ ಚಿಹ್ನೆ.
ಏನಾಯಿತೆಂದು ಹೇಳುವುದಿಲ್ಲ. ಬರೀ ಉದ್ಗಾರ.
ನಮ್ಮತ್ತೆಯೂ ಹೀಗೇ ಇದ್ದರು,
‘ಏನಿಲ್ಲ’ ಅನ್ನುತ್ತಲೇ ಪಾತ್ರೆ ಕುಕ್ಕುವವರು.

ಶೋರೂಮಿನ ಹುಡುಗ ಟೈ ಸರಿಮಾಡಿಕೊಂಡು
ದೊಡ್ಡ ಬ್ಯಾಟರಿ ಪೂರ್ತಿ ಬದಲಿಸಬೇಕು ಮೇಡಂ, ಎಂದ.
ಅವನು ಹೇಳಿದ ಮೊತ್ತಕ್ಕೆ
ಆಯನೂರಿನಾಚೆ ಒಂದು ಸೈಟಿಗೆ
ಮುಂಗಡದ ಪತ್ರ ಮಾಡಬಹುದು.

ದಸ್ತಗೀರಣ್ಣನ ಶೆಡ್ಡು ಆಟೋ ಕಾಂಪ್ಲೆಕ್ಸಿನ ಕೊನೆಯ ಸಾಲು.
ಅವನದು ಟೆಸ್ಟ್ ಲ್ಯಾಂಪಿನ ಕಾಲ:
ಒಂದು ಬಲ್ಬು, ಎರಡು ವೈರು, ಒಂದು ಬೀಡಿ.
ಸ್ಕ್ಯಾನರು ಮಗಳದು. ಶಾಕಿರಾ,
ಪಾಲಿಟೆಕ್ನಿಕ್ಕಿನ ಕೊನೆಯ ಸೆಮಿಸ್ಟರು,
ದುಪಟ್ಟಾ ಸೊಂಟಕ್ಕೆ ಬಿಗಿದು ಕೋಡು ಓದುತ್ತಾಳೆ,
ಅಳಿಸುತ್ತಾಳೆ. ನಾನು ಹೊರಡುತ್ತೇನೆ.
ತುಂಗೆಯ ಸೇತುವೆ ಮುಗಿಯುವುದರೊಳಗೆ ಮತ್ತೆ ತ್ರಿಕೋನ.
ಅಳಿಸುತ್ತಾಳೆ. ಹತ್ತುತ್ತದೆ.
ಐದನೇ ಸಲ ಅವಳೇ ಅಂದಳು:
‘ಸ್ಲೇಟು ಒರೆಸಿದ ಹಾಗಾಯ್ತು ಆಂಟಿ,
ಲೆಕ್ಕ ಹಾಗೇ ಇದೆ.’

ಹಿಂದಿನ ಸೀಟು ಬಿಚ್ಚುವ ಮೊದಲು
ಕಿತ್ತಳೆ ಪ್ಲಗ್ಗು ಕಿತ್ತು ತನ್ನ ಜೇಬಿಗಿಟ್ಟುಕೊಂಡಳು.
ಹತ್ತು ನಿಮಿಷ ಯಾರೂ ಮುಟ್ಟುವ ಹಾಗಿಲ್ಲ,
ಒಳಗಿನ ಕಸುವು ತಾನಾಗಿ ಇಳಿಯಬೇಕು.
ಮೂವರೂ ಸ್ಟೂಲಿನ ಮೇಲೆ ಕೂತು ಚಹಾ ಕುಡಿದೆವು,
ಗಂಡ ಹೆಂಡತಿ ಜಗಳವಾಡುವ ಮನೆಯ
ಜಗಲಿಯಲ್ಲಿ ಕಾಯುವ ನೆಂಟರ ಹಾಗೆ.

ಸೀಟಿನ ಬದಿಯ ಗಾಳಿಕಿಂಡಿಯ ತುಂಬ ಕೂದಲು.
ಬಿಳಿ, ಮೋಟು, ಮುಷ್ಟಿ ಮುಷ್ಟಿ.
ನಮ್ಮ ಮನೆಯಲ್ಲಿ ನಾಯಿಯಿಲ್ಲ.
ದಾವಣಗೆರೆಗೆ ಫೋನು ಹಚ್ಚಿ ಕೇಳಿದೆ.
‘ಇತ್ತು’ ಅಂದರು ಡಾಕ್ಟರು.
ಆಮೇಲೆ ಏನೂ ಅನ್ನಲಿಲ್ಲ, ಫೋನೂ ಇಡಲಿಲ್ಲ.
ಹಿಂದೆ ಯಾರೋ ಬಾಯಿ ಮುಕ್ಕಳಿಸುವ ಸದ್ದು.
ನಾನೇ ಇಟ್ಟೆ.

ಕಾರಣ ಅದೂ ಅಲ್ಲ.
ನಾಲ್ಕು ದಿನ ಸುಮ್ಮನಿದ್ದು, ಐದನೆಯ ದಿನ
ಗೋಪಿ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ
ಹೊರಗೊಂದು ಕೆಂಪು, ಒಳಗೊಂದು ಕಿತ್ತಳೆ.

ಆ ಸಂಜೆ ದಸ್ತಗೀರಣ್ಣ ಸ್ಕ್ಯಾನರನ್ನು ಬದಿಗಿಡಿಸಿ
ತನ್ನ ಬಲ್ಬು ಹಿಡಿದು ಡಿಕ್ಕಿಯೊಳಗೆ ಅರ್ಧ ಇಳಿದ.
ಅಲ್ಲಿಂದಲೇ ಕೂಗಿದ: ‘ಅರ್ತ್ ಸಿಗ್ತಿಲ್ಲ ಅಕ್ಕಾ!’
ನನಗೆ ಕೇಳಿಸಿದ್ದು ಅರ್ಥ.
ನನಗೂ ಸಿಕ್ಕಿಲ್ಲಪ್ಪ, ಅಂದೆ,
ಇಷ್ಟು ವರ್ಷ ‘ಸದರಿ’ ‘ಸದರಿ’ ಅಂತ ಬರೆದೂ.
ಶಾಕಿರಾ ನಕ್ಕು ಸ್ಪ್ಯಾನರು ಬೀಳಿಸಿದಳು.

ಸಣ್ಣ ಬ್ಯಾಟರಿಯ ಕಪ್ಪು ವೈರು
ಬಾಡಿಯನ್ನು ಸೇರುವಲ್ಲಿ ಒಂದು ಬೋಲ್ಟು.
ಬಿಗಿಯಾಗೇ ಇತ್ತು. ಆ ಬಿಗಿಯ ಕೆಳಗೆ
ಎಂದೋ ನೆಗ್ಗು ತೆಗೆಸಿ ಬಳಿದ ಬಣ್ಣ,
ಬಣ್ಣದ ಮೇಲೆ ಹಸಿರು ಕಿಲುಬು.
ವೈರು ಕಾರನ್ನು ಮುಟ್ಟಿಯೂ ಮುಟ್ಟಿರಲಿಲ್ಲ.
ಉಪ್ಪುಕಾಗದ ತಂದು ಉಜ್ಜಿದೆವು. ನಾನೂ ಉಜ್ಜಿದೆ.
ತಗಡು ಬೆಳ್ಳಗೆ ಕಂಡಿತು, ಬೋಲ್ಟು ಕೂತಿತು,
ದಸ್ತಗೀರಣ್ಣನ ಬಲ್ಬು ಹತ್ತಿತು,
ನನ್ನ ತ್ರಿಕೋನ ಆರಿತು.

ಈಗ ಎರಡು ತಿಂಗಳು.
ಗಾಜನೂರು ಬಂತೆಂದರೆ ಕಣ್ಣು
ಇನ್ನೂ ಆ ಖಾಲಿ ಜಾಗಕ್ಕೆ ಹೋಗಿಬರುತ್ತದೆ.

ಮೊನ್ನೆ ಬೊಮ್ಮನಕಟ್ಟೆಯ ಒಂದು ಸೈಟಿನ ಪತ್ರ.
‘ಯಾವುದೇ ತಂಟೆ’ ಎಂಬಲ್ಲಿ ಪೆನ್ನು ನಿಂತಿತು.
ಮಾರುವ ಮುದುಕನನ್ನು ಕೇಳಿದೆ:
ಆ ಜಾಗದಲ್ಲಿ ನಾಯಿ ಏನಾದರೂ ಇತ್ತೇ?
ಸಾಕ್ಷಿಗೆ ಬಂದ ಇಬ್ಬರೂ ನಕ್ಕರು.
ಮುದುಕ ನಗಲಿಲ್ಲ.